ಎಲ್ಲರ ದೇಹಕ್ಕೂ ಸ್ಪಂದಿಸುವ ಕಲೆ

ಗೋಡೆಯ ಮೇಲಿನ ವರ್ಣಚಿತ್ರವನ್ನು ಯಾರೂ ನೋಡದಿದ್ದರೂ ಅದು ವರ್ಣಚಿತ್ರವಾಗಿಯೇ ಉಳಿಯುತ್ತದೆ. ಕ್ಯಾಮೆರಾ, ಸೆನ್ಸರ್, ಕಂಪ್ಯೂಟರ್ ಮತ್ತು ಪ್ರೊಜೆಕ್ಟರ್‌ಗಳಿಂದ ಕಟ್ಟಿದ ಇಂಟರ್ಯಾಕ್ಟಿವ್ ಕಲಾಕೃತಿಯ ಸಂಗತಿ ಬೇರೆ. ಅದರೊಳಗೆ ಯಾರಾದರೂ ಕೈಯಾಡಿಸುವ, ನಡೆಯುವ ಅಥವಾ ಮಾತನಾಡುವ ತನಕ ಅದು ಅರ್ಧ ಮಾತ್ರ ಮುಗಿದ ಕೃತಿ. ಮೆಕ್ಸಿಕೊದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿರುವ ಕಲಾವಿದ ರಾಫೆಲ್ ಲೊಸಾನೊ-ಹೆಮ್ಮರ್ 2006ರಲ್ಲಿ ರಚಿಸಿದ ‘ಪಲ್ಸ್ ರೂಮ್’ ಇದಕ್ಕೆ ಒಳ್ಳೆಯ ಉದಾಹರಣೆ. ಕೋಣೆಯ ಚಾವಣಿಯಿಂದ 100ರಿಂದ 300 ಬಲ್ಬುಗಳು ಇಳಿಬಿದ್ದಿರುತ್ತವೆ. ಬಂದವರು ಅಲ್ಲಿರುವ ಹಿಡಿಕೆಗಳನ್ನು ಹಿಡಿದಾಗ ಸೆನ್ಸರ್ ಅವರ ಹೃದಯಬಡಿತವನ್ನು ಗ್ರಹಿಸುತ್ತದೆ, ಸಮೀಪದ ಬಲ್ಬು ಅದೇ ಲಯದಲ್ಲಿ ಮಿನುಗತೊಡಗುತ್ತದೆ. ಹಿಡಿಕೆ ಬಿಟ್ಟೊಡನೆ ಆ ಲಯ ಸಾಲಿನ ಮುಂದಿನ ಬಲ್ಬಿಗೆ ಸರಿದು, ಹಿಂದೆ ಬಂದುಹೋದವರ ಬಡಿತಗಳೊಡನೆ ಕೋಣೆಯನ್ನು ತುಂಬುತ್ತದೆ. ಕೈಯಿಂದ ಹಿಡಿಕೆಯನ್ನು ಹಿಡಿಯಲಾಗದವರು ಆ ಕೋಣೆಯಲ್ಲಿ ನಿಂತು ಬೆಳಕನ್ನು ನೋಡಬಹುದು, ಆದರೆ ಅವರ ಬಡಿತ ಆ ಸಾಲಿಗೆ ಸೇರುವುದಿಲ್ಲ. ಇಂಥ ಕಲೆಯಲ್ಲಿ ಯಂತ್ರವು ಒಬ್ಬರನ್ನು ಗ್ರಹಿಸಲಿಲ್ಲವೆಂದರೆ ಅವರಿಗೆ ತಪ್ಪಿಹೋಗುವುದು ಅನುಕೂಲವೊಂದಲ್ಲ, ಕಲಾಕೃತಿಯೇ.

ಆದ್ದರಿಂದ ಕಲೆಯನ್ನು ಎಲ್ಲರಿಗೂ ಎಟಕುವಂತೆ ಮಾಡುವುದು ಎಂದಾಗ ಗ್ಯಾಲರಿಯ ಬಾಗಿಲಿನ ರ್‍ಯಾಂಪು, ಲಿಫ್ಟು, ಅಗಲವಾದ ಶೌಚಾಲಯ ಇವಿಷ್ಟನ್ನೇ ಯೋಚಿಸಿದರೆ ಸಾಲದು. ಇವೆಲ್ಲ ಇರಲೇಬೇಕು, ಇವುಗಳ ಅಳತೆಗಳು ಭಾರತ ಸರ್ಕಾರ 2021ರಲ್ಲಿ ಪ್ರಕಟಿಸಿದ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿಯಲ್ಲಿ ಸಿಗುತ್ತವೆ, ವಾಸ್ತುಶಿಲ್ಪಿಗಳಿಗೆ ಅವು ಹೊಸತೂ ಅಲ್ಲ. ಆದರೆ ಬಾಗಿಲು ದಾಟಿ ಒಳಗೆ ಬಂದ ಮೇಲೆ ಎದುರಾಗುವ ತಡೆಯನ್ನು ಯಾವ ವಾಸ್ತುಶಿಲ್ಪಿಯೂ ತೆಗೆಯಲಾರರು, ಏಕೆಂದರೆ ಅದು ಇರುವುದು ಕಲಾವಿದರು ಬರೆದ ಪ್ರೋಗ್ರಾಮಿನಲ್ಲಿ ಮತ್ತು ಅವರು ಆಯ್ದುಕೊಂಡ ಸೆನ್ಸರಿನಲ್ಲಿ. ಈ ಲೇಖನ ಮುಖ್ಯವಾಗಿ ಆ ಒಳಗಿನ ತಡೆಯನ್ನು ಕುರಿತದ್ದು.

ಯಂತ್ರವು ಮನುಷ್ಯರನ್ನು ಗುರುತಿಸುವ ಬಗೆಗಳಲ್ಲಿ ಒಂದೊಂದಕ್ಕೂ ಅದರದೇ ಆದ ಪೂರ್ವಗ್ರಹವಿದೆ. ಮೈಕ್ರೋಸಾಫ್ಟ್ 2010ರಲ್ಲಿ ಆಟಕ್ಕೆಂದು ಮಾರುಕಟ್ಟೆಗೆ ತಂದ ಕಿನೆಕ್ಟ್ ಎಂಬ ಕ್ಯಾಮೆರಾವನ್ನು ಜಗತ್ತಿನಾದ್ಯಂತ ತಂತ್ರಜ್ಞಾನವನ್ನೇ ಮಾಧ್ಯಮವಾಗಿಸಿಕೊಂಡ ಕಲಾವಿದರು ಕೈಗೆತ್ತಿಕೊಂಡರು, ಏಕೆಂದರೆ ಎದುರಿಗಿದ್ದವರ ದೂರವನ್ನು ಅಳೆದು ಅವರ ಅಸ್ಥಿಪಂಜರದ ಸ್ಥೂಲ ನಕ್ಷೆಯನ್ನು ಕ್ಷಣಕ್ಷಣಕ್ಕೂ ಕೊಡುವ ಅಗ್ಗದ ಸಾಧನ ಅದಕ್ಕೆ ಮೊದಲು ಇರಲಿಲ್ಲ. ಆ ನಕ್ಷೆಯಲ್ಲಿ ತಲೆಯಿಂದ ಪಾದದವರೆಗೆ 20 ಸಂಧಿಗಳಿದ್ದವು. ಕುಣಿಯುವ, ಒದೆಯುವ, ಓಡುವ ಜನರ ಚಲನೆಯನ್ನು ದಾಖಲಿಸಿ, ಅದರಿಂದ ತಯಾರಿಸಿದ ಅಪಾರ ಸಂಖ್ಯೆಯ ಚಿತ್ರಗಳ ಮೂಲಕ ಆ ವ್ಯವಸ್ಥೆಗೆ ಮನುಷ್ಯ ದೇಹವೆಂದರೆ ಏನೆಂದು ಕಲಿಸಲಾಗಿತ್ತು. ಹೀಗೆ ಕಲಿತ ಯಂತ್ರದ ಎದುರು ಗಾಲಿಕುರ್ಚಿಯಲ್ಲಿ ಕುಳಿತವರು ಬಂದರೆ ಕುರ್ಚಿಯ ಚಕ್ರ, ಕೈಯೊರಗು ಮತ್ತು ಮೊಣಕಾಲು ಒಂದರೊಳಗೊಂದು ಬೆರೆತುಹೋಗಿ, ಪರದೆಯ ಮೇಲಿನ ಆಕೃತಿಯ ಕಾಲುಗಳು ಅಡ್ಡಾದಿಡ್ಡಿಯಾಗಿ ನಡುಗುತ್ತವೆ ಅಥವಾ ಆ ಆಕೃತಿಯೇ ಮೂಡುವುದಿಲ್ಲ. ಕುಳಿತವರಿಗಾಗಿ ಸೊಂಟದ ಕೆಳಗನ್ನು ಬಿಟ್ಟು, ತಲೆ, ಭುಜ, ತೋಳುಗಳ 10 ಸಂಧಿಗಳನ್ನು ಮಾತ್ರ ಹಿಂಬಾಲಿಸುವ ವಿಧಾನವನ್ನು ಮೈಕ್ರೋಸಾಫ್ಟ್ 2012ರಲ್ಲಿ ಸೇರಿಸಿತು. ಯಂತ್ರಕ್ಕೆ ಅದು ಮೊದಲಿನಿಂದಲೂ ಅಸಾಧ್ಯವಾಗಿರಲಿಲ್ಲ. ದೇಹದ ಅರ್ಧವನ್ನು ಮಾತ್ರ ಕೇಳಿದರೂ ಸಾಕು ಎಂದು ಯೋಚಿಸುವುದಕ್ಕೆ ಕಾಲ ಹಿಡಿಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಅಂಗವೈಕಲ್ಯವಿಲ್ಲದವರೂ ಈ ಪೂರ್ವಗ್ರಹದಿಂದ ಪಾರಾಗುವುದಿಲ್ಲ. ಕಾಲುಗಳ ಚಲನೆಯನ್ನು ಹಿಂಬಾಲಿಸುವ ಕೃತಿಯೊಂದು ಪ್ಯಾಂಟು ತೊಟ್ಟವರ ನಡಿಗೆಯನ್ನು ಸುಲಭವಾಗಿ ಓದುತ್ತದೆ. ಸೀರೆ, ಲುಂಗಿ, ಬುರ್ಖಾ ಉಟ್ಟುತೊಟ್ಟವರ ಕಾಲುಗಳ ಆಕಾರ ಬಟ್ಟೆಯ ಮರೆಯಲ್ಲಿರುವುದರಿಂದ ಅಲ್ಲಿ ತೊಡಕು ಹೆಚ್ಚು. ಅತಿಗೆಂಪು ಬೆಳಕಿನ ಪ್ರತಿಫಲನವನ್ನು ನೆಚ್ಚುವ ಸೆನ್ಸರುಗಳಿಗೆ ಕಪ್ಪು ಬಟ್ಟೆ ಕಷ್ಟ, ಏಕೆಂದರೆ ಅದು ಆ ಬೆಳಕನ್ನು ಹೀರಿಕೊಳ್ಳಬಲ್ಲದು. ಕೋಣೆಯ ತುಂಬ ಮಳೆ ಸುರಿಯುತ್ತಿದ್ದರೂ ನಡೆಯುವವರ ತಲೆಯ ಮೇಲೆ ಮಾತ್ರ ಅದು ನಿಲ್ಲುವಂತೆ ರ್‍ಯಾಂಡಮ್ ಇಂಟರ್‌ನ್ಯಾಷನಲ್ ಎಂಬ ಕಲಾವಿದರ ತಂಡ 2012ರಲ್ಲಿ ಲಂಡನ್ನಿನ ಬಾರ್ಬಿಕನ್ ಕೇಂದ್ರದಲ್ಲಿ ಕಟ್ಟಿದ ‘ರೇನ್ ರೂಮ್’ ಕೃತಿಯೂ ಇಂಥ ಕ್ಯಾಮೆರಾಗಳನ್ನೇ ನೆಚ್ಚಿತ್ತು. ಅದು ಮುಂದೆ ಅಮೆರಿಕದ ಲಾಸ್ ಏಂಜಲಿಸ್‌ಗೆ ಹೋದಾಗ ಕಪ್ಪು ಅಥವಾ ಹೊಳೆಯುವ ಬಟ್ಟೆ ತೊಟ್ಟು ಬರಬೇಡಿರೆಂದು ಜನರಿಗೆ ತಿಳಿಸಬೇಕಾಯಿತು. ಬಟ್ಟೆಯನ್ನೇನೋ ಬದಲಾಯಿಸಬಹುದು, ಚರ್ಮದ ಬಣ್ಣವನ್ನು, ಬಿಳಿಕೋಲನ್ನು, ನಡಿಗೆಯ ವೇಗವನ್ನು ಬಾಗಿಲಲ್ಲಿ ಕಳಚಿಟ್ಟು ಬರಲಾಗುವುದಿಲ್ಲ.

ಚರ್ಮದ ಬಣ್ಣದ ಮಾತಿಗೆ ಸ್ಪಷ್ಟವಾದ ಚರಿತ್ರೆಯೇ ಇದೆ, ಮತ್ತು ಆ ಚರಿತ್ರೆ ಆರಂಭವಾಗುವುದು ಕಲಾಕೃತಿಯಂಥದೊಂದು ರಚನೆಯಿಂದಲೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬಿನಲ್ಲಿ ಓದುತ್ತಿದ್ದ ಜಾಯ್ ಬುಲಮ್ವಿನಿ ‘ಆಸ್ಪೈರ್ ಮಿರರ್’ ಎಂಬ ಕನ್ನಡಿಯನ್ನು ಕಟ್ಟುತ್ತಿದ್ದರು. ಎದುರು ನಿಂತವರ ಮುಖದ ಪ್ರತಿಬಿಂಬದ ಮೇಲೆ ಅವರಿಗೆ ಸ್ಫೂರ್ತಿ ಕೊಡುವ ಬೇರೆ ಚಿತ್ರವನ್ನು ಅದು ಮೂಡಿಸಬೇಕಿತ್ತು. ಅದರಲ್ಲಿ ಬಳಸಿದ್ದ ಮುಖ ಪತ್ತೆಹಚ್ಚುವ ತಂತ್ರಾಂಶ ಕಪ್ಪು ವರ್ಣದ ಅವರ ಮುಖವನ್ನು ಸರಿಯಾಗಿ ಗುರುತಿಸಲಿಲ್ಲ, ಬಿಳಿಯ ಮುಖವಾಡ ಹಾಕಿಕೊಂಡಾಗ ಗುರುತಿಸಿತು. ಅಲ್ಲಿಂದ ಮುಂದುವರಿದು ಅವರು ಸಂಶೋಧಕಿ ಟಿಮ್ನಿಟ್ ಗೆಬ್ರು ಜೊತೆ 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ವಾಣಿಜ್ಯ ತಂತ್ರಾಂಶಗಳ ತಪ್ಪಿನ ಪ್ರಮಾಣ ಬಿಳಿ ವರ್ಣದ ಗಂಡಸರಲ್ಲಿ ಹೆಚ್ಚೆಂದರೆ ಶೇ 0.8 ಇದ್ದರೆ, ಕಪ್ಪು ವರ್ಣದ ಹೆಂಗಸರಲ್ಲಿ ಶೇ 34.7ರವರೆಗೂ ಇತ್ತೆಂದು ತೋರಿಸಿತು. ಸಿದ್ಧ ತಂತ್ರಾಂಶವನ್ನು ತಂದು ಜೋಡಿಸುವ ಕಲಾವಿದರಿಗೆ ಅದರೊಳಗಿನ ಅನ್ಯಾಯವೂ ಉಚಿತವಾಗಿ ಬರುತ್ತದೆ. ನಮ್ಮಲ್ಲಿ ಚರ್ಮದ ಬಣ್ಣಗಳ ವ್ಯಾಪ್ತಿ ಎಷ್ಟು ದೊಡ್ಡದೆಂದು ಬಲ್ಲ ನಾವು, ಪ್ರದರ್ಶನದ ಕತ್ತಲಕೋಣೆಯಲ್ಲಿ ಮುಖವನ್ನು ಹುಡುಕುವ ಕೃತಿಯನ್ನು ತಂದು ನಿಲ್ಲಿಸುವ ಮೊದಲು ಈ ಅಂಕಿಗಳನ್ನು ನೆನೆಯಬೇಕು.

ಸ್ಪರ್ಶದ ಪರದೆಯ ಕಥೆಯೂ ಇಂಥದ್ದೇ. ಮೊಬೈಲಿನಲ್ಲಿರುವಂಥ ಪರದೆ ಬೆರಳಿನ ಒತ್ತಡವನ್ನಲ್ಲ, ದೇಹದ ವಿದ್ಯುತ್ ವಾಹಕ ಗುಣವನ್ನು ಗ್ರಹಿಸುತ್ತದೆ. ಕೃತಕ ಕೈಯ ಪ್ಲಾಸ್ಟಿಕ್ ಬೆರಳು ಎಷ್ಟು ಒತ್ತಿದರೂ ಅದಕ್ಕೆ ತಿಳಿಯುವುದಿಲ್ಲ. ನುಣುಪಾದ ಗಾಜಿನ ಮೇಲೆ ಗುಂಡಿ ಎಲ್ಲಿದೆಯೆಂದು ಅಂಧರ ಬೆರಳಿಗೆ ಗೊತ್ತಾಗುವುದಿಲ್ಲ. ಇದಕ್ಕಿಂತ ಅಂಗೈ ಅಗಲದ ಸಾಮಾನ್ಯ ಒತ್ತುಗುಂಡಿ ಎಷ್ಟೋ ಮೇಲು. ಅದನ್ನು ಮೊಣಕೈಯಿಂದ, ಪಾದದಿಂದ, ಗಲ್ಲದಿಂದಲೂ ಒತ್ತಬಹುದು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಪಾಠ ಇರುವುದು ಅದರ ಹಳೆಯ ಕೃತಿಗಳಲ್ಲಿ. ಅಮೆರಿಕದ ಮೈರನ್ ಕ್ರೂಗರ್ 1970ರ ದಶಕದಲ್ಲಿ ರೂಪಿಸಿದ ‘ವಿಡಿಯೋಪ್ಲೇಸ್’ನಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದುದು ನೋಡುಗರ ನೆರಳಿನಂಥ ಹೊರಗೆರೆಯನ್ನು ಮಾತ್ರ, ಆ ನೆರಳು ಪರದೆಯ ಮೇಲಿನ ಚಿತ್ರಗಳನ್ನು ತಳ್ಳುತ್ತಿತ್ತು, ಅವುಗಳೊಡನೆ ಆಡುತ್ತಿತ್ತು. ಕೆನಡಾದ ಡೇವಿಡ್ ರೋಕ್ಬಿ 1980ರ ದಶಕದಲ್ಲಿ ಕಟ್ಟಿದ ‘ವೆರಿ ನರ್ವಸ್ ಸಿಸ್ಟಮ್’ನಲ್ಲಿ ಕ್ಯಾಮೆರಾದ ಎದುರಿನ ಯಾವುದೇ ಚಲನೆ ಧ್ವನಿಯಾಗುತ್ತಿತ್ತು. ಈ ತಂತ್ರಗಳಿಗೆ ಮನುಷ್ಯನಿಗೆ ಎರಡು ಕಾಲಿರಬೇಕು, ತಲೆ ಇಷ್ಟೆತ್ತರದಲ್ಲಿರಬೇಕು ಎಂಬ ನಂಬಿಕೆ ಇಲ್ಲ. ಗಾಲಿಕುರ್ಚಿಯ ಹೊರಗೆರೆಯೂ ಹೊರಗೆರೆಯೇ, ಊರುಗೋಲಿನ ಚಲನೆಯೂ ಚಲನೆಯೇ. ಅಸ್ಥಿಪಂಜರವನ್ನು ಗುರುತಿಸುವ ಹೊಸ ತಂತ್ರ ಹೆಚ್ಚು ಜಾಣತನದ್ದು, ಆದರೆ ದೇಹ ಹೇಗಿರಬೇಕೆಂದು ಯಂತ್ರ ಎಷ್ಟು ಹೆಚ್ಚು ಊಹಿಸಿಕೊಂಡಿರುತ್ತದೆಯೋ ಅಷ್ಟು ಹೆಚ್ಚು ಜನರು ಅದರ ಲೆಕ್ಕದಿಂದ ಹೊರಗುಳಿಯುತ್ತಾರೆ. ಕೃತಿಗೆ ನಿಜವಾಗಿ ಬೇಕಾದದ್ದು ‘ಇಲ್ಲಿ ಯಾರೋ ಅಲುಗಾಡಿದರು’ ಎಂಬ ಮಾಹಿತಿಯಷ್ಟೇ ಆಗಿದ್ದರೆ, ಬಲ ಮೊಣಕೈ ಯಾವ ಕೋನದಲ್ಲಿತ್ತು ಎಂದು ಕೇಳುವ ಅಗತ್ಯವೇನೂ ಇಲ್ಲ.

ಈ ದಾರಿಯಲ್ಲಿ ಬಹಳ ಮುಂದೆ ಹೋದವರು ಅಮೆರಿಕದ ಸಂಗೀತ ಸಂಯೋಜಕಿ ಪಾಲಿನ್ ಒಲಿವೆರೋಸ್. ತೀವ್ರವಾದ ಚಲನ ವೈಕಲ್ಯವುಳ್ಳ ಮಕ್ಕಳೊಡನೆ ಕೆಲಸ ಮಾಡುತ್ತಿದ್ದ ಲೀಫ್ ಮಿಲ್ಲರ್ ಎಂಬ ಚಿಕಿತ್ಸಕಿಯ ಜೊತೆ ಸೇರಿ ಅವರು 2007ರ ಸುಮಾರಿಗೆ ರೂಪಿಸಿದ, ಚುಟುಕಾಗಿ ಔಮಿ ಎಂದು ಕರೆಯುವ ಉಚಿತ ತಂತ್ರಾಂಶವು ಸಾಮಾನ್ಯ ಕಂಪ್ಯೂಟರಿನ ಕ್ಯಾಮೆರಾವನ್ನೇ ವಾದ್ಯವಾಗಿಸುತ್ತದೆ. ಪರದೆಯ ಮೇಲೆ ಕಾಣುವ ದೇಹದ ಯಾವುದಾದರೂ ಒಂದು ಬಿಂದುವನ್ನು, ಉದಾಹರಣೆಗೆ ಮೂಗಿನ ತುದಿಯನ್ನು, ಆರಿಸಿಕೊಟ್ಟರೆ ಅದು ಗೆರೆ ದಾಟಿದಾಗಲೆಲ್ಲ ಸ್ವರ ಹೊರಡುತ್ತದೆ. ತಲೆಯನ್ನು ಒಂದಿಷ್ಟು ಹೊರಳಿಸಬಲ್ಲ ಮಗುವಿಗೂ, ಇಡೀ ಮೈ ಕುಣಿಸಬಲ್ಲ ನರ್ತಕಿಗೂ ಒಂದೇ ವಾದ್ಯ. ಎಷ್ಟು ಚಲನೆಗೆ ಎಷ್ಟು ಸ್ವರ ಎಂಬ ಅಳತೆಯನ್ನು ಮಾತ್ರ ಅವರವರಿಗೆ ಹೊಂದಿಸಲಾಗುತ್ತದೆ. ಈ ಹೊಂದಾಣಿಕೆಯಲ್ಲಿ ಬಹಳಷ್ಟು ಅಡಗಿದೆ. ಕೈ ನಡುಗುವವರಿಗೆ ಸಣ್ಣ ಕಂಪನಗಳನ್ನು ಅಳಿಸಿ ಒಟ್ಟಾರೆ ದಿಕ್ಕನ್ನು ಮಾತ್ರ ಓದುವ ವ್ಯವಸ್ಥೆ ಬೇಕು. ಬೆರಳನ್ನು ಕೂದಲೆಳೆಯಷ್ಟೇ ಅಲುಗಿಸಬಲ್ಲವರಿಗೆ ಅದೇ ಸಣ್ಣ ಕಂಪನವನ್ನು ಹತ್ತುಪಟ್ಟು ಹಿಗ್ಗಿಸುವ ವ್ಯವಸ್ಥೆ ಬೇಕು. ಎರಡೂ ಪ್ರೋಗ್ರಾಮಿನ ಒಂದೆರಡು ಸಂಖ್ಯೆಗಳ ವ್ಯತ್ಯಾಸ. ಆ ಸಂಖ್ಯೆಗಳನ್ನು ಕಲಾವಿದರು ತಮ್ಮ ಸ್ವಂತ ದೇಹಕ್ಕೆ ಹೊಂದಿಸಿ ಅಲ್ಲಿಯೇ ಬಿಗಿದುಬಿಡುವುದರಿಂದ ತೊಂದರೆ ಹುಟ್ಟುತ್ತದೆ. ಗ್ಯಾಲರಿಯ ಸಿಬ್ಬಂದಿ ತಿರುಗಿಸಬಹುದಾದ ಒಂದು ಗುಂಡಿಯಾಗಿ ಅವು ಹೊರಗಿದ್ದರೆ ಕೃತಿ ಬಂದವರಿಗೆ ತಕ್ಕಂತೆ ಬಗ್ಗುತ್ತದೆ.

ಸ್ವಂತ ಸಾಧನವನ್ನೇ ತರುವವರಿಗೂ ಜಾಗವಿರಬೇಕು. ತೀವ್ರ ಚಲನ ವೈಕಲ್ಯವುಳ್ಳವರು ಬಳಸುವ ಸ್ವಿಚ್ಚುಗಳು, ಅದು ಕೆನ್ನೆಯಿಂದ ಒತ್ತುವುದಿರಲಿ ಉಸಿರಿನಿಂದ ಊದುವುದಿರಲಿ, ಬಹುತೇಕ 3.5 ಮಿ.ಮೀ. ಪ್ಲಗ್ಗಿನಿಂದ ಜೋಡಣೆಯಾಗುತ್ತವೆ, ಹಳೆಯ ಮೊಬೈಲುಗಳ ಇಯರ್‌ಫೋನಿಗೆ ಇದ್ದ ಅಳತೆಯೇ ಅದು. ಅಂಗವಿಕಲರಿಗೆಂದು ಮೈಕ್ರೋಸಾಫ್ಟ್ 2018ರಲ್ಲಿ ಹೊರತಂದ ಆಟದ ನಿಯಂತ್ರಣ ಸಾಧನವಾದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿನ ಹಿಂಬದಿಯಲ್ಲಿ ಇಂಥ 19 ಕಿಂಡಿಗಳಿವೆ. ಕಲಾಕೃತಿಯ ಪೀಠದಲ್ಲಿ ಇಂಥ ಒಂದೇ ಒಂದು ಕಿಂಡಿ ಇದ್ದರೂ ತನ್ನ ಸ್ವಿಚ್ಚನ್ನು ಕುರ್ಚಿಗೆ ಕಟ್ಟಿಕೊಂಡು ಬಂದವರು ಯಾರ ನೆರವೂ ಇಲ್ಲದೆ ಭಾಗವಹಿಸಬಹುದು.

ಇಷ್ಟು ಹೊತ್ತು ಯಂತ್ರ ಗ್ರಹಿಸುವ ಬಗೆಯನ್ನು ನೋಡಿದೆವು. ಅದು ಮರುನುಡಿಯುವ ಬಗೆಯೂ ಅಷ್ಟೇ ಮುಖ್ಯ. ಬರೀ ಬೆಳಕಿನಲ್ಲಿ ಉತ್ತರಿಸುವ ಕೃತಿ ಅಂಧರಿಗೆ ಮೌನವಾಗಿರುತ್ತದೆ, ಬರೀ ಧ್ವನಿಯಲ್ಲಿ ಉತ್ತರಿಸುವುದು ಕಿವುಡರಿಗೆ ಖಾಲಿ ಕೋಣೆಯಾಗಿರುತ್ತದೆ. ಒಂದೇ ಪ್ರತಿಕ್ರಿಯೆಯನ್ನು ಎರಡು ಮೂರು ಇಂದ್ರಿಯಗಳಿಗೆ ಒಟ್ಟಿಗೆ ತಲುಪಿಸಬೇಕೆಂಬುದು ಇಲ್ಲಿನ ಸಾಮಾನ್ಯ ಸೂತ್ರ: ಬೆಳಕಿನ ಜೊತೆಗೆ ಸ್ವರ, ಸ್ವರದ ಜೊತೆಗೆ ಮರದ ನೆಲದ ಕಂಪನ. ಮಂದ್ರದ ಧ್ವನಿಗಳು ಹಲಗೆಯ ಮೂಲಕ ಅಂಗಾಲಿಗೂ ಬೆನ್ನಿಗೂ ಚೆನ್ನಾಗಿ ತಲುಪುತ್ತವೆ. ಹುಟ್ಟಿನಿಂದ ಕಿವುಡರಾದ ಕ್ರಿಸ್ಟೀನ್ ಸನ್ ಕಿಮ್ ಧ್ವನಿಯನ್ನೇ ತಮ್ಮ ಕಲೆಯ ವಸ್ತುವಾಗಿಸಿಕೊಂಡು, 2013ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಧ್ವನಿಕಲೆಯ ಪ್ರದರ್ಶನದಲ್ಲಿ ಭಾಗವಹಿಸಿದರು. ಧ್ವನಿಯೆಂದರೆ ಕೇಳುವವರ ಆಸ್ತಿಯೆಂಬ ಭಾವನೆಯನ್ನು ಅವರ ಕೃತಿಗಳು ಅಲುಗಿಸಿವೆ.

ಅಂಧರ ವಿಚಾರದಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಕೃತಿಯ ಪಕ್ಕದಲ್ಲಿ ಬ್ರೈಲ್ ಫಲಕವನ್ನೋ ಧ್ವನಿಮುದ್ರಿತ ವಿವರಣೆಯನ್ನೋ ಇಟ್ಟು ಕೆಲಸ ಮುಗಿಯಿತೆಂದು ಭಾವಿಸಲಾಗುತ್ತದೆ. ಚಿತ್ರಪಟಕ್ಕೆ ಅದು ಸಾಕಾಗಬಹುದು. ಕ್ಷಣಕ್ಷಣಕ್ಕೂ ಬದಲಾಗುವ ಕೃತಿಗೆ ಅಂಥ ವಿವರಣೆ ಇನ್ನೊಬ್ಬರು ಆಡಿದ ಆಟದ ವೀಕ್ಷಕ ವಿವರಣೆಯಂತೆ. ಕೇಳುವವರು ಮೈದಾನಕ್ಕೆ ಇಳಿದಂತಾಗುವುದಿಲ್ಲ. ಅಂಧರು ಕೈ ಎತ್ತಿದರೆ ಅವರ ಕೈ ಎತ್ತಿದ್ದಕ್ಕೇ ಏನಾಯಿತು ಎಂಬುದು ಆ ಕ್ಷಣವೇ ಅವರಿಗೆ ತಿಳಿಯಬೇಕು. ಬ್ರೌಸರಿನಲ್ಲಿ ನಡೆಯುವ ಕೃತಿಗಳಿಗೆ ಇದರ ಸಾಧನಗಳು ಈಗ ಕೈಯಳತೆಯಲ್ಲಿವೆ. ಅಮೆರಿಕದ ಕಲಾವಿದೆ ಲಾರೆನ್ ಮೆಕಾರ್ಥಿ 2013ರಲ್ಲಿ ಆರಂಭಿಸಿದ, ಕಲಾವಿದರಿಗೂ ಪ್ರೋಗ್ರಾಮಿಂಗ್‌ಗೆ ಹೊಸಬರಾದವರಿಗೂ ಮೀಸಲಾದ ಪಿ5.ಜೆಎಸ್ ಎಂಬ ಉಚಿತ ತಂತ್ರಾಂಶ ಭಂಡಾರದಲ್ಲಿ ‘ಡಿಸ್ಕ್ರೈಬ್’ ಎಂಬ ಆಜ್ಞೆಯಿದೆ. ಕಲಾವಿದರು ಬರೆದ ವಿವರಣೆಯನ್ನು ಅದು ಸ್ಕ್ರೀನ್ ರೀಡರಿಗೆ, ಅಂದರೆ ಪರದೆಯ ಬರಹವನ್ನು ಅಂಧರಿಗೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ, ಒಪ್ಪಿಸುತ್ತದೆ, ಕೃತಿ ಬದಲಾದಂತೆ ವಿವರಣೆಯೂ ಬದಲಾಗುವಂತೆ ಬರೆಯಬಹುದು. ಪರದೆಯ ಮೇಲಿನ ಆಕಾರ, ಬಣ್ಣ, ಸ್ಥಾನಗಳನ್ನು ತಾನೇ ಪಟ್ಟಿಮಾಡಿ ಹೇಳುವ ಬೇರೊಂದು ಆಜ್ಞೆಯೂ ಇದೆ, ಆದರೆ ಅದು ಹೇಳುವುದು ಇಂಗ್ಲಿಷಿನಲ್ಲಿ. ‘ಡಿಸ್ಕ್ರೈಬ್’ಗೆ ಕನ್ನಡದಲ್ಲಿಯೇ ವಾಕ್ಯ ಬರೆದುಕೊಡಬಹುದು, ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ ಅದನ್ನು ಕನ್ನಡದಲ್ಲಿ ಓದಬಲ್ಲದು. ಈ ತಂತ್ರಾಂಶದ ಬಳಗವು 2019ರಲ್ಲಿ, ಹೆಚ್ಚು ಜನರಿಗೆ ಎಟಕುವಂತೆ ಮಾಡುವ ಸೌಲಭ್ಯಗಳನ್ನು ಬಿಟ್ಟು ಬೇರೆ ಯಾವ ಹೊಸ ಸೌಲಭ್ಯವನ್ನೂ ಸೇರಿಸುವುದಿಲ್ಲವೆಂದು ನಿರ್ಧರಿಸಿತು. ತಂತ್ರಜ್ಞಾನದ ಲೋಕದಲ್ಲಿ ಇಂಥ ಸಂಯಮ ಅಪರೂಪ, ಅದಕ್ಕಾಗಿ ಆ ಬಳಗವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಮಿನುಗುವ ಬೆಳಕಿನ ಅಪಾಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಪ್ರಶ್ನೆ ಅನುಭವ ಸಿಗುವುದು ಬಿಡುವುದರದ್ದಲ್ಲ, ಆರೋಗ್ಯದ್ದು. 1997ರ ಡಿಸೆಂಬರ್ 16ರಂದು ಜಪಾನಿನ ದೂರದರ್ಶನದಲ್ಲಿ ಪೋಕೆಮಾನ್ ಸರಣಿಯ ಕಂತೊಂದು ಪ್ರಸಾರವಾದಾಗ, ಸೆಕೆಂಡಿಗೆ ಸುಮಾರು 12 ಬಾರಿ ಕೆಂಪು ಮತ್ತು ನೀಲಿ ಬಣ್ಣ ಅದಲುಬದಲಾದ ದೃಶ್ಯವನ್ನು ನೋಡಿ ಅಸ್ವಸ್ಥರಾದ 685 ಮಂದಿಯನ್ನು, ಅವರಲ್ಲಿ ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಜಾಲತಾಣಗಳ ಅಂತರರಾಷ್ಟ್ರೀಯ ಸುಗಮ್ಯತಾ ಮಾನದಂಡ ಯಾವ ಒಂದು ಸೆಕೆಂಡಿನಲ್ಲೂ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದೆನ್ನುತ್ತದೆ. ಇಂಟರ್ಯಾಕ್ಟಿವ್ ಕೃತಿಯಲ್ಲಿ ತೊಡಕೆಂದರೆ ಮಿನುಗಿನ ವೇಗವನ್ನು ನಿರ್ಧರಿಸುವವರು ನೋಡುಗರು. ಕಲಾವಿದರು ನಿಧಾನವಾಗಿ ಕೈಬೀಸಿ ಪರೀಕ್ಷಿಸಿದ ಕೃತಿಯ ಮುಂದೆ ಶಾಲೆಯ ಮಕ್ಕಳ ಗುಂಪೊಂದು ಬಂದು ಕುಣಿದರೆ ಅದೇ ಕೃತಿ ಬೇರೆಯೇ ವೇಗದಲ್ಲಿ ಮಿನುಗುತ್ತದೆ. ಆದ್ದರಿಂದ ಬಾಗಿಲಲ್ಲಿ ಎಚ್ಚರಿಕೆಯ ಫಲಕ ಹಾಕಿದರೆ ಸಾಲದು. ಸೆನ್ಸರ್ ಏನೇ ಹೇಳಲಿ, ಪರದೆಗೆ ಅಥವಾ ದೀಪಕ್ಕೆ ಹೋಗುವ ಕೊನೆಯ ಹಂತದಲ್ಲಿ ವೇಗಕ್ಕೆ ಗಟ್ಟಿಯಾದ ಮಿತಿಯಿರಬೇಕು.

ಸಮಯದ ಮಿತಿಯನ್ನೂ ಮರುಯೋಚಿಸಬೇಕು. ಕೆಲವು ಕ್ಷಣ ಯಾರೂ ಅಲುಗಾಡದಿದ್ದರೆ ಆರಂಭಕ್ಕೆ ಮರಳುವ ಕೃತಿಗಳು ನಿಧಾನವಾಗಿ ಚಲಿಸುವವರ ಅನುಭವವನ್ನು ನಡುವೆಯೇ ಕತ್ತರಿಸುತ್ತವೆ.

ಕರ್ನಾಟಕದ ಮಟ್ಟಿಗೆ ಈ ಮಾತುಗಳು ದೂರದವಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದಲ್ಲಿ ಗುಂಡಿ ಒತ್ತಿ, ಹಿಡಿ ತಿರುಗಿಸಿ ಯಂತ್ರಗಳನ್ನು ಮಾತನಾಡಿಸಿದ ನೆನಪು ಅನೇಕ ತಲೆಮಾರಿನ ಶಾಲಾ ಮಕ್ಕಳಿಗಿದೆ. ಅದೇ ರಸ್ತೆಯಲ್ಲಿ 2023ರಲ್ಲಿ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯದ ಕಟ್ಟಡ ತೆರೆಯಿತು. 2024ರಲ್ಲಿ ಬಳ್ಳಾರಿ ರಸ್ತೆಯಲ್ಲಿ ತೆರೆದ ಸೈನ್ಸ್ ಗ್ಯಾಲರಿಗೆ ಪ್ರವೇಶ ಉಚಿತ. ಪ್ರೇಕ್ಷಕರೂ ಕೃತಿಯ ಭಾಗವಾಗುವ ಪ್ರದರ್ಶನಗಳು ಇನ್ನು ಮುಂದೆ ಇಲ್ಲಿ ಹೆಚ್ಚುತ್ತವೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 29ನೆಯ ಸೆಕ್ಷನ್ ಕಲೆಯನ್ನು ಅಂಗವಿಕಲರಿಗೆ ಎಟಕುವಂತೆ ಮಾಡುವುದನ್ನೂ ಅಂಗವಿಕಲ ಕಲಾವಿದರಿಗೆ ನೆರವು ನೀಡುವುದನ್ನೂ ಸರ್ಕಾರದ ಕರ್ತವ್ಯವೆಂದು ಹೆಸರಿಸಿ ಹೇಳುತ್ತದೆ. ಸುಗಮ್ಯತೆಯ ನಿಯಮಗಳು ಬರಿಯ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಿರಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರಾಟೂರಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ನಮ್ಮಲ್ಲಿ ಇನ್ನೆರಡು ತಡೆಗಳಿವೆ. ಒಂದು ಭಾಷೆ. ‘ಇಲ್ಲಿ ನಿಂತು ಕೈ ಚಾಚಿ’ ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಇಡೀ ಕೃತಿ ಇಂಗ್ಲಿಷ್ ಬಲ್ಲವರದ್ದಾಗುತ್ತದೆ. ಮಾತಿಗೆ ಸ್ಪಂದಿಸುವ ಕೃತಿಯಾದರೆ ಅದು ಧಾರವಾಡದ, ಮಂಗಳೂರಿನ, ಕಲಬುರಗಿಯ ಕನ್ನಡವನ್ನೂ ತಿಳಿಯಬೇಕು. ಇನ್ನೊಂದು, ಸಂಗ್ರಹಾಲಯವೆಂದರೆ ‘ಮುಟ್ಟಬಾರದು’ ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ ಶಿಸ್ತು. ಮೊದಲ ಬಾರಿಗೆ ಗ್ಯಾಲರಿಗೆ ಬಂದವರು, ಹಳ್ಳಿಯಿಂದ ಬಂದ ಹಿರಿಯರು, ದುಬಾರಿ ಯಂತ್ರ ಕೆಟ್ಟೀತೆಂಬ ಅಂಜಿಕೆಯಿಂದ ಕೈಕಟ್ಟಿ ದೂರ ನಿಲ್ಲುವುದು ಸಹಜ. ಅಲ್ಲಿ ನಿಂತ ಸಿಬ್ಬಂದಿ ತಾವೇ ಮೊದಲು ಮುಟ್ಟಿ ತೋರಿಸಿ, ‘ಬನ್ನಿ, ಮುಟ್ಟಿ ನೋಡಿ, ಏನೂ ಆಗುವುದಿಲ್ಲ’ ಎಂದು ಕರೆಯುವುದಕ್ಕಿಂತ ಒಳ್ಳೆಯ ಸಾಧನವನ್ನು ಯಾವ ತಂತ್ರಜ್ಞಾನವೂ ಕೊಟ್ಟಿಲ್ಲ.

ಇದೆಲ್ಲ ಕಲೆಯನ್ನು ಸರಳಗೊಳಿಸಿ ತೆಳುವಾಗಿಸುತ್ತದೆ ಎಂಬ ಆತಂಕಕ್ಕೆ ‘ಐರೈಟರ್’ ಉತ್ತರವಾಗಿದೆ. ಲಾಸ್ ಏಂಜಲಿಸ್‌ನ ಬೀದಿ ಗೋಡೆಗಳ ಮೇಲೆ ಅಕ್ಷರಚಿತ್ರ ಬರೆಯುತ್ತಿದ್ದ, ಟೆಂಪ್ಟ್ ಒನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಟೋನಿ ಕ್ವಾನ್ ನರರೋಗವೊಂದರಿಂದಾಗಿ ಕಣ್ಣನ್ನು ಬಿಟ್ಟು ಬೇರೇನನ್ನೂ ಅಲುಗಿಸಲಾರದ ಸ್ಥಿತಿಗೆ ಬಂದಿದ್ದರು. 2009ರಲ್ಲಿ ಜಾಕ್ ಲೀಬರ್ಮನ್ ಮೊದಲಾದ ಕಲಾವಿದ ಪ್ರೋಗ್ರಾಮರುಗಳು ಅಗ್ಗದ ಕನ್ನಡಕದ ಚೌಕಟ್ಟಿಗೆ ಸಣ್ಣ ಕ್ಯಾಮೆರಾ ಮತ್ತು ಅತಿಗೆಂಪು ದೀಪಗಳನ್ನು ಜೋಡಿಸಿ, ಪಾಪೆಯ ಚಲನೆಯಿಂದ ಗೆರೆ ಎಳೆಯುವ ಸಾಧನವನ್ನು ಅವರಿಗಾಗಿ ಕಟ್ಟಿದರು. ಹಾಸಿಗೆಯಲ್ಲಿ ಮಲಗಿಯೇ ಅವರು ಬರೆದದ್ದು ನಗರದ ಕಟ್ಟಡಗಳ ಮೇಲೆ ಪ್ರೊಜೆಕ್ಟರಿನ ಬೆಳಕಾಗಿ ಮೂಡಿತು. ಸಾಧನದ ವಿನ್ಯಾಸವನ್ನೂ ಪ್ರೋಗ್ರಾಮನ್ನೂ ಯಾರು ಬೇಕಾದರೂ ಬಳಸಿಕೊಳ್ಳುವಂತೆ ತೆರೆದಿಡಲಾಯಿತು. 2010ರಲ್ಲಿ ಆಸ್ಟ್ರಿಯಾದ ಆರ್ಸ್ ಎಲೆಕ್ಟ್ರಾನಿಕಾ ಸಂಸ್ಥೆ ಇಂಟರ್ಯಾಕ್ಟಿವ್ ಕಲೆಯ ವಿಭಾಗದ ತನ್ನ ಅತ್ಯುನ್ನತ ಪ್ರಶಸ್ತಿಯನ್ನು ಇದಕ್ಕೆ ಕೊಟ್ಟಿತು. ಅನುಕಂಪದಿಂದ ಅಲ್ಲ, ಕಲೆಯೆಂದೇ.

ಆ ತಂಡ ಟೆಂಪ್ಟ್ ಒನ್ ಜೊತೆಗೇ ಕೂತು ಸಾಧನವನ್ನು ತಿದ್ದಿತೆಂಬುದನ್ನು ನಮ್ಮ ಪ್ರದರ್ಶನ ಆಯೋಜಕರು ಗಮನಿಸಬೇಕು. ಕೃತಿ ಪೂರ್ತಿಯಾದ ಮೇಲೆ ಉದ್ಘಾಟನೆಗೆ ಅಂಗವಿಕಲರನ್ನು ಆಹ್ವಾನಿಸಿದರೆ ಅವರು ಹೇಳಿದ ತೊಂದರೆಯನ್ನು ಸರಿಪಡಿಸಲು ಹಣವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ತಂತಿಗಳು ಇನ್ನೂ ಮೇಜಿನ ಮೇಲೆ ಹರಡಿಕೊಂಡಿರುವಾಗಲೇ ಗಾಲಿಕುರ್ಚಿ ಬಳಸುವವರು, ಅಂಧರು, ಕಿವುಡರು, ಆಟಿಸಂ ಇರುವವರು ಬಂದು ಬಳಸಿ ನೋಡಬೇಕು, ಆ ಕೆಲಸಕ್ಕೆ ಅವರಿಗೆ ಸಂಭಾವನೆ ಸಲ್ಲಬೇಕು, ಅದು ಯೋಜನೆಯ ಮೊದಲ ಅಂದಾಜುಪಟ್ಟಿಯಲ್ಲಿಯೇ ಒಂದು ಸಾಲಾಗಿ ನಮೂದಾಗಬೇಕು. ಪ್ರದರ್ಶನ ಆರಂಭವಾದ ಮೇಲೂ ಕೆಲಸ ಉಳಿದಿರುತ್ತದೆ: ಪರ್ಯಾಯ ಸ್ವಿಚ್ಚಿನ ತಂತಿ ಕಿತ್ತುಬಂದರೆ ಅದನ್ನು ನೆಚ್ಚಿದವರು ಬರುವ ತನಕ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಆದಕಾರಣ ಪ್ರತಿದಿನ ಬೆಳಿಗ್ಗೆ ಪ್ರೊಜೆಕ್ಟರನ್ನು ಹಚ್ಚಿ ನೋಡುವ ಸಿಬ್ಬಂದಿಯೇ ಆ ಸ್ವಿಚ್ಚನ್ನೂ ಒತ್ತಿ ನೋಡಬೇಕು, ಕುರ್ಚಿಯಲ್ಲಿ ಕುಳಿತು ಕ್ಯಾಮೆರಾದ ಎದುರು ಒಮ್ಮೆ ಹಾದುಹೋಗಬೇಕು, ಕಣ್ಣು ಮುಚ್ಚಿ ಧ್ವನಿಯನ್ನು ಕೇಳಬೇಕು, ಆಮೇಲೆ ಬಾಗಿಲು ತೆರೆಯಬೇಕು.